ನೆಲಮಾಳಿಗೆಗೆ ಪ್ಯಾನೆಲ್ ಹೊಡೆಸುವ ಮುಂಚೆ ನೀರಿನ ದಾರಿ ನೋಡಿ

ಮಾನ್ಯ ಸಂಪಾದಕರೇ,

ಮನೆ ಕಟ್ಟುವವರಿಗಾಗಿ ನೀವು ಹಾಕುವ ಪುಟಗಳನ್ನು ನಾನು ತಪ್ಪದೆ ಓದುತ್ತೇನೆ. ನೆಲಮಾಳಿಗೆಯನ್ನು ಓದುವ ಕೋಣೆ ಮಾಡುವುದು ಹೇಗೆ, ವ್ಯಾಯಾಮಕ್ಕೆ ಸಜ್ಜು ಮಾಡುವುದು ಹೇಗೆ, ಮಕ್ಕಳ ಆಟಕ್ಕೆ ಜಾಗ ಮಾಡಿಕೊಳ್ಳುವುದು ಹೇಗೆ, ಇಂಥ ಲೇಖನಗಳು ಆಗಾಗ ಬರುತ್ತಿರುತ್ತವೆ. ಫೋಟೊಗಳೂ ಚೆನ್ನಾಗಿರುತ್ತವೆ. ಮರದ ನೆಲ, ಗೋಡೆಗೆ ಪ್ಯಾನೆಲ್, ಸೀಲಿಂಗಿನಲ್ಲಿ ಪುಟ್ಟ ಪುಟ್ಟ ದೀಪ. ಆದರೆ ಆ ಗೋಡೆಯ ಹಿಂದೆ ಮಣ್ಣಿದೆ, ಆ ಮಣ್ಣಿನಲ್ಲಿ ನೀರಿದೆ ಅನ್ನುವ ಮಾತು ಒಂದು ಸಾಲಿನಲ್ಲೂ ಇರುವುದಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ. ಜಾಗ ಸಾಲದಿದ್ದರೆ ಕತ್ತರಿಸಿ, ಆದರೆ ಮನೆಯ ಹೊರಗಿನ ಕೆಲಸದ ಬಗ್ಗೆ ಬರೆದಿರುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಕಟ್ಟಡಗಳಲ್ಲಿ ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ ಹೇಳುವುದು ನನ್ನ ಕೆಲಸ. ಜನ ನನ್ನನ್ನು ಕರೆಯುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ನೆಲಮಾಳಿಗೆಗೆ ಕಾಲಿಟ್ಟ ತಕ್ಷಣ ಮುಗ್ಗಲು ವಾಸನೆ ಬರುತ್ತದೆ, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಗೋಡೆ ಬಿಳಿ, ಸ್ವಚ್ಛ. ಬುಡದಲ್ಲಿರುವ ಸ್ಕರ್ಟಿಂಗ್ ಪಟ್ಟಿಯನ್ನು ಉಳಿ ಹಾಕಿ ಮೆಲ್ಲಗೆ ಎಬ್ಬಿಸಿ, ಜಿಪ್ಸಂ ಬೋರ್ಡಿನ ಒಂದು ತುಂಡು ಕೊಯ್ದು ತಿರುಗಿಸಿ ನೋಡಿದಾಗ ವಿಷಯ ಗೊತ್ತಾಗುತ್ತದೆ. ಬೋರ್ಡಿನ ಹಿಂಬದಿಯ ಕಾಗದದ ತುಂಬ ಕಪ್ಪು ಬೂಷ್ಟು. ನೆಲದ ಹತ್ತಿರ ಒತ್ತೊತ್ತಾಗಿ, ಮೇಲೆ ಹೋದ ಹಾಗೆ ಚುಕ್ಕಿ ಚುಕ್ಕಿಯಾಗಿ. ಕೆಳಗಿನ ಮರದ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ತಡೆಯೇ ಇಲ್ಲದೆ ಒಳಗಿಳಿಯುತ್ತದೆ. ಅದರ ಹಿಂದಿನ ಕಾಂಕ್ರೀಟ್ ಗೋಡೆಯ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ, ಬೆರಳಲ್ಲಿ ಒರೆಸಿದರೆ ಪುಡಿ ಪುಡಿಯಾಗಿ ಬರುತ್ತದೆ. ಕೋಣೆ ಸಿದ್ಧವಾಗಿ ಒಂದೇ ಒಂದು ಮಳೆಗಾಲ ಕಳೆದಿರುತ್ತದೆ ಅಷ್ಟೇ. ಮನೆಯವರ ಮುಖ ನೋಡಲು ಆಗುವುದಿಲ್ಲ. ಉಳಿಸಿದ ದುಡ್ಡೆಲ್ಲ ಹಾಕಿ ಮಾಡಿಸಿರುತ್ತಾರೆ.

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ನೆಲಮಾಳಿಗೆಯ ಕೆಲಸ ಶುರುವಾಗಬೇಕಾದದ್ದು ತಾರಸಿಯಿಂದ. ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಗೋಡೆಯ ಹೊರಬದಿಗೆ, ಅಲ್ಲಿಂದ ಪಾಯದ ಬುಡದ ಪೈಪಿಗೆ ಬರಬೇಕು. ಇದೆಲ್ಲ ಮುಗಿದ ಮೇಲೆ ಒಳಗಿನ ಗೋಡೆ ಮುಟ್ಟಬೇಕು. ಹೆಚ್ಚಿನವರು ಮಾಡುವುದು ಇದರ ಉಲ್ಟಾ. ಒಳಗೆ ಒಂದು ಕೋಟ್ ವಾಟರ್‌ಪ್ರೂಫ್ ಬಣ್ಣ ಹೊಡೆಸಿ, ಅದರ ಮೇಲೆ ಬೋರ್ಡ್ ಹೊಡೆದು, ನೀರಿನ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಹೊರಗಿಂದ ತಳ್ಳುವ ನೀರಿಗೆ ಒಳಗಿನ ಬಣ್ಣ ಎಷ್ಟು ದಿನ ತಡೆದೀತು? ನೀರು ಗೋಡೆಯೊಳಗೆ ಬಂದೇ ಬರುತ್ತದೆ, ಬಣ್ಣದ ಹಿಂದೆ ನಿಲ್ಲುತ್ತದೆ, ಜೊತೆಗೆ ತಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಆ ಹರಳು ದೊಡ್ಡದಾಗುತ್ತಾ ಬಣ್ಣವನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸಿ ಉದುರಿಸುತ್ತದೆ. ಒಳಬದಿಯಿಂದಲೇ ಹಚ್ಚುವ, ಸಿಮೆಂಟಿನ ಜೊತೆ ಬೆರೆತು ಕಾಂಕ್ರೀಟಿನ ರಂಧ್ರಗಳಲ್ಲೇ ಹರಳಾಗಿ ಕೂರುವ ಲೇಪಗಳು ಬೇರೆ ಇವೆ. ಅವು ಸಾಮಾನ್ಯ ಬಣ್ಣಕ್ಕಿಂತ ಎಷ್ಟೋ ವಾಸಿ. ಆದರೆ ಹೊರಗೆ ನೀರು ನಿಲ್ಲಲು ಬಿಟ್ಟು ಅದೊಂದನ್ನೇ ನಂಬಿ ಕೂರುವುದು ಸರಿಯಲ್ಲ.

ನೀರು ಒಳಗೆ ಬರುವ ರೀತಿಯೂ ಒಂದೇ ಅಲ್ಲ. ಬಿರುಕಿನಲ್ಲಿ, ಪೈಪ್ ಹಾದುಹೋದ ಜಾಗದಲ್ಲಿ, ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ನೀರಾಗಿಯೇ ಒಸರುವುದು ಒಂದು ರೀತಿ. ಅದು ಎಲ್ಲರಿಗೂ ಕಾಣುತ್ತದೆ. ಎರಡನೆಯದು, ಕಾಂಕ್ರೀಟು ತಾನೇ ನೀರು ಹೀರುವುದು. ನೋಡಲು ಕಲ್ಲಿನ ಹಾಗಿದ್ದರೂ ಅದರೊಳಗೆ ಕೂದಲೆಳೆಗಿಂತ ಸಣ್ಣ ರಂಧ್ರಗಳಿರುತ್ತವೆ. ಪಾಯ ಒದ್ದೆ ಮಣ್ಣಿನಲ್ಲಿ ಕೂತಿದ್ದರೆ ಆ ರಂಧ್ರಗಳ ಮೂಲಕ ತೇವ ಗೋಡೆಯೊಳಗೆ ಏರುತ್ತಾ ಹೋಗುತ್ತದೆ. ಗೋಡೆಯ ಬುಡದಲ್ಲಿ ಒಂದು ಮಟ್ಟದವರೆಗೆ ಮಾತ್ರ ಕಪ್ಪಾಗಿ, ಅದರ ಮೇಲೆ ಒಣಗಿದಂತೆ ಕಂಡರೆ ಇದೇ ಕಾರಣ ಇರಬಹುದು. ಮೂರನೆಯದು ಆವಿ. ನೆಲ ಒಣಗಿದೆ ಅನ್ನಿಸುತ್ತದೆ, ಆದರೆ ಕೆಳಗಿನ ಮಣ್ಣಿನಿಂದ ಆವಿ ಸ್ಲ್ಯಾಬ್ ದಾಟಿ ಬರುತ್ತಲೇ ಇರುತ್ತದೆ, ಮೇಲೆ ಮರದ ನೆಲವೋ ವಿನೈಲ್ ಹಾಳೆಯೋ ಹಾಕಿದ ಮೇಲೆ ಅದರಡಿ ಸಿಕ್ಕಿಕೊಳ್ಳುತ್ತದೆ. ನಾಲ್ಕನೆಯದು ಮಣ್ಣಿನಿಂದ ಬರುವುದೇ ಅಲ್ಲ. ಮನೆಯೊಳಗಿನ ಗಾಳಿಯಲ್ಲೇ ಇರುವ ತೇವ ತಣ್ಣನೆಯ ಗೋಡೆ ಸೋಕಿ ನೀರಾಗುವುದು. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುತ್ತದಲ್ಲ, ಹಾಗೆ ಗೋಡೆಯೂ ಬೆವರುತ್ತದೆ.

ಇವುಗಳಲ್ಲಿ ನಿಮ್ಮ ಮನೆಯದು ಯಾವುದು ಎಂದು ತಿಳಿಯದೆ ಔಷಧ ಹುಡುಕಬಾರದು. ಅದಕ್ಕೆ ಒಂದು ಸುಲಭದ ಪರೀಕ್ಷೆ ಇದೆ, ಯಾರು ಬೇಕಾದರೂ ಮಾಡಬಹುದು. ಸುಮಾರು 45 ಸೆಂಟಿಮೀಟರ್ ಉದ್ದಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲದ ಮೇಲೆ, ಗೋಡೆಯ ಮೇಲೆ ಬೇರೆ ಬೇರೆ ಕಡೆ ಇಟ್ಟು, ನಾಲ್ಕು ಅಂಚಿಗೂ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ. ಕಡಿಮೆ ಅಂದರೆ 16 ಗಂಟೆ ಬಿಡಿ, ಒಂದೆರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಕಾಂಕ್ರೀಟಿನ ಬಣ್ಣ ಅಲ್ಲಿ ಗಾಢವಾಗಿದ್ದರೆ, ತೇವ ಕಾಂಕ್ರೀಟಿನೊಳಗಿಂದ ಬರುತ್ತಿದೆ. ಹಾಳೆಯ ಮೇಲ್ಮೈ ಒದ್ದೆಯಾಗಿ ಅಡಿ ಒಣಗಿದ್ದರೆ, ಅದು ಕೋಣೆಯ ಗಾಳಿಯ ತೇವ. ಮೊದಲನೆಯದಕ್ಕೆ ಹೊರಗೆ ಅಗೆಯಬೇಕಾಗಬಹುದು, ಎರಡನೆಯದಕ್ಕೆ ಅಗೆದರೆ ಏನೂ ಪ್ರಯೋಜನವಿಲ್ಲ. ಇಂಥ ಹಾಳೆಯೊಂದನ್ನು ಅಂಟಿಸಿ ನೋಡದೆ ದೊಡ್ಡ ದೊಡ್ಡ ಕೆಲಸ ಒಪ್ಪಿಕೊಂಡವರನ್ನು ನೋಡಿ ಬೇಜಾರಾಗುತ್ತದೆ. ಬೇಸಿಗೆಯಲ್ಲಿ ಮಾತ್ರ ಈ ಪರೀಕ್ಷೆ ಮಾಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಮಳೆಗಾಲದಲ್ಲೂ ಮಾಡಿ. ಸಾಧ್ಯವಾದರೆ ಒಂದು ಇಡೀ ಮಳೆಗಾಲ ಖಾಲಿ ಗೋಡೆ, ಖಾಲಿ ನೆಲ ಹಾಗೇ ಇರಲಿ. ಎಲ್ಲಿ ಪಸೆ ಕಾಣುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ದಿನಾಂಕ ಬರೆಯಿರಿ. ಯಾವ ಮಳೆಗೆ, ಮಳೆ ಬಂದು ಎಷ್ಟು ಹೊತ್ತಿಗೆ ಒಸರಿತು ಎಂದು ಬರೆದಿಟ್ಟರೆ ಕಾರಣ ಅರ್ಧ ಸಿಕ್ಕಂತೆ. ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಒಸರಿದರೆ ಅದು ತಾರಸಿಯ ಅಥವಾ ಅಂಗಳದ ನೀರು. ಮಳೆ ನಿಂತು ಒಂದೆರಡು ದಿನ ಆದಮೇಲೆ ನೆಲದ ಮಧ್ಯದಿಂದ ಬಂದರೆ ಅಂತರ್ಜಲ ಮೇಲೇರಿರುವ ಸಾಧ್ಯತೆ ಜಾಸ್ತಿ. ಮಳೆಗೂ ಅದಕ್ಕೂ ಸಂಬಂಧವೇ ಇಲ್ಲದೆ ಸದಾ ಒದ್ದೆ ಇದ್ದರೆ ನಲ್ಲಿಯ ಪೈಪನ್ನೋ ಒಳಚರಂಡಿಯ ಪೈಪನ್ನೋ ಅನುಮಾನಿಸಿ.

ಈಗ ಹೊರಗೆ ಬನ್ನಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್. ಇಷ್ಟೂ ನೀರು ಎಲ್ಲಿಗೆ ಹೋಗುತ್ತದೆ? ಎಷ್ಟೋ ಮನೆಗಳಲ್ಲಿ ತಾರಸಿಯ ಪೈಪ್ ನೆಟ್ಟಗೆ ಕೆಳಗಿಳಿದು, ಗೋಡೆಯ ಬುಡದಿಂದ ಒಂದು ಗೇಣು ದೂರದಲ್ಲಿ ಬಾಯಿ ಬಿಟ್ಟಿರುತ್ತದೆ. ಅಂದರೆ ಒಂದೇ ಮಳೆಗೆ ಸಾವಿರಾರು ಲೀಟರ್ ನೀರನ್ನು ನಾವೇ ನೆಲಮಾಳಿಗೆಯ ಗೋಡೆಗೆ ಸುರಿಯುತ್ತಿದ್ದೇವೆ. ಆ ಪೈಪಿಗೆ ಒಂದು ಬೆಂಡ್, ಒಂದಷ್ಟು ಉದ್ದದ ತುಂಡು ಸೇರಿಸಿ ನೀರನ್ನು ಗೋಡೆಯಿಂದ 2 ಅಥವಾ 3 ಮೀಟರ್ ಆಚೆಗೆ ಬಿಡುವುದು ಅರ್ಧ ದಿನದ ಕೆಲಸ. ಇಷ್ಟರಿಂದಲೇ ಒಸರುವುದು ನಿಂತ ನೆಲಮಾಳಿಗೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಲೆ ಕಸ ಕಟ್ಟಿ ತಾರಸಿಯ ಕಿಂಡಿ ಮುಚ್ಚಿಕೊಂಡಿದ್ದರೂ ಅಷ್ಟೇ, ನೀರು ಬೇರೆ ದಾರಿ ಹಿಡಿದು ಗೋಡೆಯ ಮೇಲೆಯೇ ಇಳಿಯುತ್ತದೆ.

ಅಂಗಳದ ವಾಟವೂ ಇಷ್ಟೇ ಮುಖ್ಯ. ಗೋಡೆಯಿಂದ ಮೊದಲ 3 ಮೀಟರಿನಲ್ಲಿ ಮಣ್ಣು ಕನಿಷ್ಠ 15 ಸೆಂಟಿಮೀಟರ್ ಇಳಿದಿರಬೇಕು, ನೀರು ಮನೆಯಿಂದ ಆಚೆ ಹರಿಯಬೇಕು. ಮನೆ ಕಟ್ಟಿದಾಗ ವಾಟ ಸರಿಯಾಗೇ ಕೊಟ್ಟಿರುತ್ತಾರೆ. ಆದರೆ ನೆಲಮಾಳಿಗೆಗಾಗಿ ಅಗೆದ ಗುಂಡಿಯ ಅಂಚಿಗೆ ವಾಪಸ್ ತುಂಬಿದ ಮಣ್ಣು ಸಡಿಲವಾಗಿರುತ್ತದೆ. ಒಂದೆರಡು ವರ್ಷದಲ್ಲಿ ಅದು ಕುಸಿದು ಕೂರುತ್ತದೆ, ಗೋಡೆಯ ಸುತ್ತ ಒಂದು ತಗ್ಗು ಆಗುತ್ತದೆ, ವಾಟ ಮನೆಯ ಕಡೆಗೇ ತಿರುಗಿಬಿಡುತ್ತದೆ. ಮೇಲೆ ಕಾಂಕ್ರೀಟ್ ಹಾಕಿದ್ದರೆ ಅದೂ ಮಣ್ಣಿನ ಜೊತೆ ವಾಲಿರುತ್ತದೆ. ಒಂದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹೋಗುತ್ತದೆ ಎಂದು ನೋಡಿದರೆ ಸಾಕು. ತಗ್ಗು ತುಂಬುವಾಗ ಬರೀ ಮರಳು ಸುರಿಯಬೇಡಿ, ಅದರೊಳಗೆ ನೀರು ಸಲೀಸಾಗಿ ಇಳಿದು ಗೋಡೆಗೇ ಬರುತ್ತದೆ. ಜಿಗುಟು ಮಣ್ಣು ಹಾಕಿ, ದಮ್ಮಸ್ಸು ಮಾಡಿ, ಮೇಲೆ ವಾಟ ಕೊಡಿ. ಗೋಡೆಗೆ ಅಂಟಿಕೊಂಡೇ ಹೂವಿನ ಪಾತಿ ಮಾಡಿ ದಿನಾ ನೀರು ಹಾಕುವುದನ್ನೂ ಬಿಡಬೇಕು. ಗಿಡ ಬೇಡ ಅಂತಲ್ಲ, ಗೋಡೆಯಿಂದ ಸ್ವಲ್ಪ ದೂರ ಇರಲಿ.

ಇನ್ನು ಗೋಡೆಯ ಹೊರಬದಿ. ಹೊಸದಾಗಿ ಕಟ್ಟುವವರಿಗೆ ಇದೊಂದು ಅವಕಾಶ, ಮತ್ತೆ ಸಿಗುವುದಿಲ್ಲ. ಮಣ್ಣು ತುಂಬಿದ ಮೇಲೆ ಆ ಗೋಡೆಯನ್ನು ಮತ್ತೆ ನೋಡಬೇಕಾದರೆ ಇಡೀ ಅಂಗಳ ಅಗೆಯಬೇಕು. ಗೋಡೆಗೆ ಬರೀ ಟಾರು ಬಳಿದರೆ ಅದು ಮಣ್ಣಿನ ತೇವವನ್ನು ತಡೆದೀತು, ಒತ್ತಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಕಾಂಕ್ರೀಟ್ ಬಿರುಕು ಬಿಟ್ಟಾಗ ಟಾರಿನ ಪದರವೂ ಜೊತೆಗೇ ಸೀಳುತ್ತದೆ. ಬಿರುಕಿನ ಮೇಲೆ ಹಿಗ್ಗಿ ನಿಲ್ಲುವ ಮೆಂಬ್ರೇನ್, ಅಂದರೆ ನೀರು ತಡೆಯುವ ತೆಳು ಪದರ ಬೇಕು. ಅದರ ಮೇಲೆ ಗುಬ್ಬಿ ಗುಬ್ಬಿಯಿರುವ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಕಿದರೆ ಮಣ್ಣಿಗೂ ಗೋಡೆಗೂ ನಡುವೆ ಒಂದು ಸಂದು ಉಳಿಯುತ್ತದೆ, ಬಂದ ನೀರು ಗೋಡೆಗೆ ಒತ್ತದೆ ಆ ಸಂದಿನಲ್ಲಿ ಕೆಳಗಿಳಿಯುತ್ತದೆ.

ಇಳಿದ ನೀರು ಎಲ್ಲಿಗೆ ಹೋಗಬೇಕು? ಇಲ್ಲೇ ಬಹಳಷ್ಟು ಮನೆಗಳು ಸೋಲುವುದು. ನೀರನ್ನು ತಡೆದು ನಿಲ್ಲಿಸಿದರೆ ಸಾಲದು, ಅದಕ್ಕೆ ಹೋಗಲು ದಾರಿ ಕೊಡಬೇಕು. ಒಂದು ಮೀಟರ್ ಎತ್ತರ ನಿಂತ ನೀರು ತನ್ನ ತಳದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಒತ್ತುತ್ತದೆ. ನೆಲಮಾಳಿಗೆಯ ಸುತ್ತ ನೀರಿನ ಮಟ್ಟ ನೆಲಕ್ಕಿಂತ ಒಂದು ಮೀಟರ್ ಮೇಲಿದ್ದರೆ ಸ್ಲ್ಯಾಬನ್ನು ಕೆಳಗಿಂದ ಮೇಲಕ್ಕೆ ತಳ್ಳುವ ಬಲ ಅಷ್ಟಿರುತ್ತದೆ, ಪ್ರತಿ ಚದರ ಮೀಟರಿಗೂ. ಅಂಥ ಒತ್ತಡಕ್ಕೆ ಬರೀ ಲೇಪ ಹಚ್ಚಿ ಎಷ್ಟು ಹೊತ್ತು ತಡೆಯಲು ಸಾಧ್ಯ? ಆದ್ದರಿಂದ ಪಾಯದ ಬುಡದ ಸುತ್ತ ತೂತಿರುವ ಪೈಪ್ ಹಾಕಿ, ನೀರು ಆ ಮಟ್ಟಕ್ಕೆ ಏರುವ ಮೊದಲೇ ಕರೆದೊಯ್ಯಬೇಕು.

ಈ ಪೈಪ್ ಹಾಕುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ತಪ್ಪು ಮಾಡುವವರು ತುಂಬ ಜನ. ಪೈಪು ನೆಲಮಾಳಿಗೆಯ ನೆಲದ ಮಟ್ಟಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ನೀರು ಮೊದಲು ಒಳಗೆ ಬಂದು ಆಮೇಲೆ ಪೈಪಿಗೆ ಹೋಗುತ್ತದೆ, ಹಾಕಿಯೂ ದಂಡ. ಹಾಗಂತ ಪಾಯದ ತಳಕ್ಕಿಂತ ಆಳಕ್ಕೆ ಅಗೆಯುವಂತೆಯೂ ಇಲ್ಲ, ಪಾಯದಡಿಯ ಮಣ್ಣು ಜರುಗಿದರೆ ಮನೆಗೇ ಅಪಾಯ. ತೂತುಗಳು ಕೆಳಮುಖ ಇರಬೇಕು. ತೂತು ಮೇಲೆ ಇದ್ದರೆ ನೀರು ಒಳಗೆ ಬೀಳುತ್ತದೆ ಅಂತ ಎಷ್ಟೋ ಮೇಸ್ತ್ರಿಗಳು ವಾದಿಸುತ್ತಾರೆ. ಆದರೆ ಗುಂಡಿಯಲ್ಲಿ ನೀರು ಕೆಳಗಿಂದ ಏರುತ್ತಾ ಬರುತ್ತದೆ, ತೂತು ಕೆಳಗಿದ್ದರೆ ಏರಲು ಶುರುವಾದ ತಕ್ಷಣ ಪೈಪಿಗೆ ಸೇರುತ್ತದೆ, ಮೇಲಿದ್ದರೆ ಪೈಪ್ ಪೂರ್ತಿ ಮುಳುಗುವವರೆಗೆ ಕಾಯಬೇಕು. ಸುತ್ತ ತೊಳೆದ ಜಲ್ಲಿ, ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ. ಬಟ್ಟೆಯನ್ನು ಜಲ್ಲಿಯ ಹೊರಗೆ ಸುತ್ತಿ. ಬರೀ ಪೈಪಿಗೆ ಸುತ್ತಿದರೆ ಜಲ್ಲಿಯೊಳಗೆ ಕೆಸರು ತುಂಬಿ, ಬಟ್ಟೆಯೂ ಬೇಗ ಕಟ್ಟಿಕೊಳ್ಳುತ್ತದೆ. ಮೀಟರಿಗೆ ಒಂದು ಸೆಂಟಿಮೀಟರ್ ವಾಟ ಕೊಟ್ಟರೆ ಸಾಕು. ಮೂಲೆಗಳಲ್ಲಿ ಮೇಲಿನವರೆಗೆ ಒಂದು ನೆಟ್ಟಗಿನ ಪೈಪ್ ತಂದು ಮುಚ್ಚಳ ಹಾಕಿಡಿ, ಕೆಲವು ವರ್ಷ ಬಿಟ್ಟು ಕೆಸರು ಕಟ್ಟಿದಾಗ ಅಲ್ಲಿಂದ ನೀರು ಬಿಟ್ಟು ತೊಳೆಯಬಹುದು. ಈ ಮೂಲೆ ಪೈಪನ್ನು ಉಳಿತಾಯ ಅಂತ ಎಲ್ಲರೂ ಬಿಡುತ್ತಾರೆ. ತಾರಸಿಯ ನೀರನ್ನು ಮಾತ್ರ ಯಾವ ಕಾರಣಕ್ಕೂ ಈ ಪೈಪಿಗೆ ಜೋಡಿಸಬೇಡಿ. ಆಚೆ ಕಳಿಸಬೇಕಾದ ನೀರನ್ನು ಪಾಯದ ಬುಡಕ್ಕೆ ತಂದುಬಿಟ್ಟಂತಾಗುತ್ತದೆ.

ಜಾಗ ಇಳಿಜಾರಾಗಿದ್ದರೆ ಈ ಪೈಪಿನ ಬಾಯಿಯನ್ನು ಕೆಳಗಿನ ಕಡೆ ಬಯಲಿಗೆ ಬಿಡಬಹುದು, ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಸಮತಟ್ಟು ಜಾಗದಲ್ಲಿ ಅದು ಆಗುವುದಿಲ್ಲ. ಆಗ ನೆಲಮಾಳಿಗೆಯ ಒಂದು ಮೂಲೆಯಲ್ಲಿ ಗುಂಡಿ ಮಾಡಿ, ನೀರನ್ನು ಅಲ್ಲಿಗೆ ತಂದು ಪಂಪಿನಿಂದ ಎತ್ತಬೇಕು. ಬಳಕೆಯ ನೀರು ತುಂಬಿಡುವ ಸಂಪಿಗೂ ಇದಕ್ಕೂ ಸಂಬಂಧವಿಲ್ಲ, ಇದು ಸದಾ ಖಾಲಿಯಾಗುತ್ತಿರಬೇಕಾದ ಗುಂಡಿ. ಹಳೆಯ ಮನೆಗಳಲ್ಲಿ ಹೊರಗೆ ಅಗೆಯಲು ಜಾಗವೇ ಇಲ್ಲದಿದ್ದರೆ, ಒಳಗಡೆಯೇ ಗೋಡೆಯ ಉದ್ದಕ್ಕೂ ನೆಲದ ಸ್ಲ್ಯಾಬನ್ನು ಪಟ್ಟಿಯಾಗಿ ಕೊಯ್ದು, ಪಾಯದ ಪಕ್ಕದಲ್ಲಿ ಜಲ್ಲಿ ಮತ್ತು ಪೈಪ್ ಹಾಕಿ ಇದೇ ಗುಂಡಿಗೆ ತರುತ್ತಾರೆ. ಇದು ಗೋಡೆಯೊಳಗೆ ನೀರು ಬರುವುದನ್ನು ನಿಲ್ಲಿಸುವುದಿಲ್ಲ, ಬಂದ ನೀರನ್ನು ನೆಲದ ಮೇಲೆ ಹರಡದಂತೆ ಹಿಡಿಯುತ್ತದೆ. ಆ ವ್ಯತ್ಯಾಸ ತಿಳಿದು ಮಾಡಿಸಿದರೆ ತಪ್ಪಿಲ್ಲ, ಎಷ್ಟೋ ಮನೆಗಳಿಗೆ ಇದೇ ಸರಿಯಾದ ದಾರಿ.

ಪಂಪಿನ ಮೇಲೆ ನಂಬಿಕೆ ಇಡುವ ಮೊದಲು ಒಂದು ವಿಷಯ ಯೋಚಿಸಿ. ಪಂಪ್ ತುಂಬ ಬೇಕಾಗುವುದು ಜೋರು ಗಾಳಿ ಮಳೆಯ ರಾತ್ರಿ. ಕರೆಂಟ್ ಹೋಗುವುದೂ ಅದೇ ರಾತ್ರಿ. ಬ್ಯಾಟರಿಯ ಮೇಲೆ ಓಡುವ ಎರಡನೇ ಪಂಪ್ ಇಲ್ಲದ ನೆಲಮಾಳಿಗೆಗೆ ಬೆಲೆಬಾಳುವ ಸಾಮಾನು ಇಳಿಸಬೇಡಿ. ಪಂಪಿನಿಂದ ಮೇಲೆ ಹೋಗುವ ಪೈಪಿನಲ್ಲಿ ನೀರು ಹಿಂದಕ್ಕೆ ಬಾರದಂತೆ ಚೆಕ್ ವಾಲ್ವ್ ಬೇಕು. ಇಲ್ಲದಿದ್ದರೆ ಪಂಪ್ ನಿಂತ ಕೂಡಲೇ ಪೈಪಿನಲ್ಲಿದ್ದ ನೀರು ಗುಂಡಿಗೆ ಮರಳಿ, ಪಂಪ್ ಮತ್ತೆ ಶುರುವಾಗಿ, ಹೀಗೇ ಸುಮ್ನೆ ಓಡಿ ಓಡಿ ಬೇಗ ಸುಡುತ್ತದೆ. ತೇಲುವ ಸ್ವಿಚ್ ಗುಂಡಿಯ ಗೋಡೆಗೆ ತಾಗಿ ಸಿಕ್ಕಿಕೊಳ್ಳದ ಹಾಗಿರಬೇಕು. ಗುಂಡಿಗೆ ಗಾಳಿಯಾಡದ ಮುಚ್ಚಳ ಇರಲಿ, ತೇವದ ಗಾಳಿಯೂ ಬರುವುದಿಲ್ಲ, ಕೆಲವು ಕಡೆ ಮಣ್ಣಿನಿಂದ ಏಳುವ, ಉಸಿರಾಡಿದರೆ ಅಪಾಯವಾಗುವ ವಿಕಿರಣಶೀಲ ರೇಡಾನ್ ಅನಿಲಕ್ಕೂ ತಡೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ಗುಂಡಿಗೆ ಕೆಲವು ಬಕೆಟ್ ನೀರು ಸುರಿದು ಪಂಪ್ ತಾನಾಗಿ ಶುರುವಾಗುತ್ತದೆಯೇ, ತಾನಾಗಿ ನಿಲ್ಲುತ್ತದೆಯೇ ನೋಡಿ. ಹೊರಗೆ ಹೋದ ನೀರು ಎಲ್ಲಿ ಬೀಳುತ್ತಿದೆ ಅನ್ನುವುದನ್ನೂ ನೋಡಿ. ಗೋಡೆಯ ಬುಡಕ್ಕೇ ಬಿದ್ದರೆ ಅದೇ ನೀರು ಸುತ್ತಿ ಸುತ್ತಿ ಮತ್ತೆ ಗುಂಡಿಗೆ ಬರುತ್ತದೆ.

ಒಳಚರಂಡಿಯ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೆಲಮಾಳಿಗೆಯಲ್ಲಿ ಶೌಚಾಲಯವೋ ಬಚ್ಚಲೋ ಮಾಡುವುದಾದರೆ, ಅಲ್ಲಿನ ನೆಲ ರಸ್ತೆಯ ಒಳಚರಂಡಿಯ ಮ್ಯಾನ್‌ಹೋಲಿನ ಮುಚ್ಚಳಕ್ಕಿಂತ ಕೆಳಗಿರುತ್ತದೆ ಅನ್ನುವುದು ನೆನಪಿರಲಿ. ಹೊರಗೆ ಕಟ್ಟಿಕೊಂಡರೆ ಹೊಲಸು ನೀರು ಮೊದಲು ಉಕ್ಕುವುದು ನಿಮ್ಮ ಕೋಣೆಯಲ್ಲಿ. ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸದೆ ಅಲ್ಲಿ ಒಂದು ಟೈಲ್ಸನ್ನೂ ಕೂರಿಸಬೇಡಿ. ಕಿಟಕಿಗೆ ಬೆಳಕು ಬರಲೆಂದು ಹೊರಗೆ ಮಾಡಿದ ಬಾವಿಯಂಥ ಜಾಗದ ತಳದಲ್ಲೂ ಜಲ್ಲಿ ಇರಬೇಕು, ಅಲ್ಲಿಂದ ಪಾಯದ ಪೈಪಿಗೆ ದಾರಿ ಇರಬೇಕು, ಮೇಲೆ ಎಲೆ ಬೀಳದಂತೆ ಮುಚ್ಚಿಗೆ ಬೇಕು.

ಬಿರುಕಿದ್ದರೆ ಬೋರ್ಡ್ ಹೊಡೆಯುವ ಮುಂಚೆ ಸರಿಮಾಡಿಸಿ. ಒಣ ಬಿರುಕು, ಗೋಡೆಗೆ ಬಲ ಬೇಕು ಅಂದರೆ ಎಪಾಕ್ಸಿ ಇಂಜೆಕ್ಷನ್, ಅಂದರೆ ಗಟ್ಟಿಯಾಗುವ ಅಂಟನ್ನು ಬಿರುಕಿನೊಳಗೆ ಒತ್ತಿ ತುಂಬುವುದು. ನೀರು ಒಸರುತ್ತಿರುವ ಬಿರುಕಿಗೆ ನೀರು ಸೋಕಿದರೆ ಉಬ್ಬುವ ಪಾಲಿಯುರೆಥೇನ್. ಮೇಲೆ ಮೇಲೆ ಸಿಮೆಂಟ್ ಸವರಿದರೆ ಒಂದೆರಡು ತಿಂಗಳ ಸಮಾಧಾನ ಅಷ್ಟೇ. ಅಡ್ಡಡ್ಡ ಬಿರುಕು ಬಿಟ್ಟು ಗೋಡೆ ಒಳಕ್ಕೆ ಉಬ್ಬಿದ್ದರೆ ಅದು ಸೋರಿಕೆಯ ವಿಷಯವೇ ಅಲ್ಲ, ಮಣ್ಣಿನ ಮತ್ತು ನೀರಿನ ಒತ್ತಡಕ್ಕೆ ಗೋಡೆ ಸೋಲುತ್ತಿದೆ ಅಂತ ಅರ್ಥ. ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ, ತಡ ಮಾಡಬೇಡಿ.

ಈಗ ಒಳಗಿನ ಕೆಲಸ. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಅಂದರೆ, ತೇವದ ದಿನಗಳಲ್ಲಿ ಮುಗ್ಗಲು ವಾಸನೆ ಹೋಗಲಿ ಎಂದು ಕಿಟಕಿ ತೆರೆದಿಡುವುದು. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 80 ಇದೆ ಅಂದುಕೊಳ್ಳಿ. ಆ ಗಾಳಿಗೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಏನೇ ಸಿಕ್ಕರೂ ಅದರ ಮೇಲೆ ನೀರು ಕಟ್ಟುತ್ತದೆ. ಮಣ್ಣಿಗೆ ಆತುಕೊಂಡ ಗೋಡೆ, ನೆಲ ಅದಕ್ಕಿಂತ ತಣ್ಣಗೇ ಇರುತ್ತವೆ ಅಲ್ವಾ? ಒಣಗಲಿ ಅಂತ ತೆರೆದ ಕಿಟಕಿ ನೀರನ್ನೇ ಒಳಗೆ ತಂದಂತಾಯಿತು. ಇಂಥ ದಿನಗಳಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ ಡಿಹ್ಯುಮಿಡಿಫೈಯರ್ ಓಡಿಸಬೇಕು, ಅದರ ನೀರು ತಾನಾಗಿ ಗುಂಡಿಗೆ ಹೋಗುವಂತೆ ಸಣ್ಣ ಪೈಪ್ ಕೊಡಬೇಕು. ತೇವಾಂಶ ಅಳೆಯುವ ಪುಟ್ಟ ಮೀಟರ್ ಒಂದನ್ನು ಕೋಣೆಯಲ್ಲಿ ಇಟ್ಟುಬಿಡಿ. ಶೇ 60 ದಾಟಬಾರದು, 30ರಿಂದ 50ರ ಒಳಗಿದ್ದರೆ ಒಳ್ಳೆಯದು. ಒದ್ದೆಯಾದ ಕಾಗದ, ಮರ, ಬಟ್ಟೆಯ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಉಬ್ಬಸ ಇರುವವರು, ಚಿಕ್ಕ ಮಕ್ಕಳು ಅಲ್ಲಿ ಮಲಗುತ್ತಾರೆ ಅಂದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಚಳಿ ಜಾಸ್ತಿ ಇರುವ ಕಡೆ ಗೋಡೆಗೆ ಇನ್ಸುಲೇಶನ್ ಬೇಕೇ ಬೇಕು. ಆಗ ಕಾಂಕ್ರೀಟಿಗೆ ನೇರ ಗಾಜಿನ ಉಣ್ಣೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಬೋರ್ಡ್ ಹೊಡೆಯುವವರಿದ್ದಾರೆ. ಕೋಣೆಯ ಗಾಳಿ ಸಣ್ಣ ಸಂದಿನಲ್ಲಿ ನುಗ್ಗಿ ತಣ್ಣನೆಯ ಕಾಂಕ್ರೀಟ್ ಮುಟ್ಟಿ ನೀರಾಗುತ್ತದೆ, ಕಾಂಕ್ರೀಟಿನಿಂದ ಬಂದ ತೇವವೂ ಸೇರುತ್ತದೆ, ಪ್ಲಾಸ್ಟಿಕ್ ಹಾಳೆ ಇರುವುದರಿಂದ ಯಾವುದಕ್ಕೂ ಹೊರಗೆ ಹೋಗಿ ಒಣಗಲು ದಾರಿಯಿಲ್ಲ. ಪತ್ರದ ಮೊದಲಲ್ಲಿ ಹೇಳಿದ ಕಪ್ಪು ಬೂಷ್ಟು ಬೆಳೆಯಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಅದರ ಬದಲು ನೀರು ಹೀರದ ಗಟ್ಟಿ ಫೋಮ್ ಹಲಗೆಯನ್ನು ಕಾಂಕ್ರೀಟಿಗೆ ಒತ್ತಿ ಅಂಟಿಸಿ, ಜೋಡಣೆಗಳಿಗೆ ಟೇಪ್ ಹಾಕಿ, ಅದರ ಮುಂದೆ ಚೌಕಟ್ಟು ನಿಲ್ಲಿಸಿದರೆ ಗಾಳಿ ತಣ್ಣನೆಯ ಗೋಡೆಯನ್ನು ಮುಟ್ಟುವುದೇ ಇಲ್ಲ. ಫೋಮ್ ಬೆಂಕಿಗೆ ಹತ್ತಿಕೊಳ್ಳುತ್ತದೆ, ಅದನ್ನು ಹಾಗೇ ತೆರೆದಿಡದೆ ಬೋರ್ಡಿನಿಂದ ಮುಚ್ಚಲೇಬೇಕು.

ನೆಲಕ್ಕೆ ಕಾಂಕ್ರೀಟ್ ಹಾಕುವ ಮುಂಚೆ 100 ಮಿಲಿಮೀಟರ್ ತೊಳೆದ ಜಲ್ಲಿ, ಅದರ ಮೇಲೆ ಕಡಿಮೆ ಅಂದರೂ 0.15 ಮಿಲಿಮೀಟರ್ ದಪ್ಪದ ಪಾಲಿಥಿನ್ ಹಾಳೆ, ಜೋಡಣೆಯಲ್ಲಿ 15 ಸೆಂಟಿಮೀಟರ್ ಒಂದರ ಮೇಲೊಂದು ಬರುವ ಹಾಗೆ ಹಾಸಿ ಟೇಪ್ ಹಾಕಿಸಿ. ಜಲ್ಲಿಯ ಸಂದುಗಳು ದೊಡ್ಡವು, ನೀರು ಅದರಲ್ಲಿ ಮೇಲೇರಲಾರದು. ಹೊಸ ಕಾಂಕ್ರೀಟಿಗೆ ಒಣಗಲು ಟೈಮ್ ಕೊಡಿ. 25 ಮಿಲಿಮೀಟರ್ ದಪ್ಪಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳು ಅನ್ನುವ ಲೆಕ್ಕ ಈ ಕೆಲಸದಲ್ಲಿ ಬಹಳ ಕಾಲದಿಂದ ಇದೆ. ಗೃಹಪ್ರವೇಶದ ದಿನ ಗೊತ್ತು ಮಾಡಿದ್ದೇವೆ ಎಂದು ಅವಸರದಲ್ಲಿ ಮರದ ನೆಲ ಹಾಕಿಸಿದರೆ ಅದು ಉಬ್ಬಿ ಏಳುವುದು ಖಂಡಿತ. ನನ್ನನ್ನು ಕೇಳಿದರೆ ನೆಲಮಾಳಿಗೆಗೆ ಟೈಲ್ಸೇ ಸರಿ, ಮೇಲೆ ಎತ್ತಿ ಬಿಸಿಲಿಗೆ ಹಾಕಬಹುದಾದ ಜಮಖಾನ ಹಾಸಿಕೊಳ್ಳಿ. ಅಂಟಿಸುವ ಕಾರ್ಪೆಟ್ ಬೇಡವೇ ಬೇಡ. ಜಿಪ್ಸಂ ಬೋರ್ಡನ್ನು ನೆಲಕ್ಕೆ ಮುಟ್ಟಿಸದೆ ಒಂದು ಬೆರಳಿನಷ್ಟು ಮೇಲೆ ನಿಲ್ಲಿಸಿ, ಸ್ಕರ್ಟಿಂಗ್ ಆ ಸಂದನ್ನು ಮುಚ್ಚುತ್ತದೆ. ಪ್ಲಗ್ ಪಾಯಿಂಟುಗಳು ಎತ್ತರದಲ್ಲಿರಲಿ. ಪಂಪ್, ವಾಲ್ವ್, ಮೂಲೆಯ ಪೈಪಿನ ಮುಚ್ಚಳ ಇರುವ ಕಡೆ ತೆಗೆದು ನೋಡಬಹುದಾದ ಸಣ್ಣ ಬಾಗಿಲು ಬಿಡಿಸಿ. ಚಂದ ಕಾಣುವುದಿಲ್ಲ ಎಂದು ಅಲಂಕಾರದವರು ಒಪ್ಪುವುದಿಲ್ಲ, ನೀವು ಹಟ ಹಿಡಿಯಿರಿ.

ಇಷ್ಟೆಲ್ಲ ಮಾಡಿಯೂ ದೊಡ್ಡ ನೆರೆ ಬಂದು ನೆಲಮಾಳಿಗೆ ತುಂಬಿಬಿಟ್ಟರೆ ಅವಸರ ಬೇಡ. ಮೊದಲು ಕರೆಂಟ್. ಮೇನ್ ಸ್ವಿಚ್ ಆಫ್ ಮಾಡದೆ ನೀರಿಗೆ ಕಾಲಿಡಬೇಡಿ. ಸ್ವಿಚ್ಚೇ ನೀರಿನಾಚೆ ಇದ್ದರೆ ವಿದ್ಯುತ್ ಇಲಾಖೆಯವರು ಬರುವವರೆಗೆ ಕಾಯಿರಿ. ಆಮೇಲೆ, ಒಂದೇ ಉಸಿರಿಗೆ ನೀರೆಲ್ಲ ಎತ್ತಿ ಹಾಕಬೇಡಿ. ಹೊರಗಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ, ಒಳಗಿನ ನೀರು ಅದಕ್ಕೆ ಎದುರು ಒತ್ತುತ್ತಿರುತ್ತದೆ. ಒಳಗಿನದನ್ನು ಒಮ್ಮೆಲೇ ತೆಗೆದರೆ ಗೋಡೆ ಒಳಕ್ಕೆ ಕುಸಿಯಬಹುದು. ಹೊರಗೆ ನಿಂತ ನೀರು ಇಳಿದ ಮೇಲೆ ಶುರುಮಾಡಿ, ಒಂದಡಿಯಷ್ಟು ತೆಗೆದು, ಗೋಡೆಯ ಮೇಲೆ ಗುರುತು ಹಾಕಿ, ರಾತ್ರಿ ಬಿಟ್ಟು ನೋಡಿ. ನೀರು ಗುರುತಿಗಿಂತ ಮೇಲೆ ಏರಿದ್ದರೆ ಇನ್ನೂ ಕಾಯಬೇಕು.

ಸಂಪಾದಕರೇ, ನನ್ನ ಕೋರಿಕೆ ಎರಡು. ನೆಲಮಾಳಿಗೆಯ ಅಂದದ ಫೋಟೊ ಹಾಕಿದಾಗಲೆಲ್ಲ ಆ ಮನೆಯ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಒಂದು ಸಣ್ಣ ನಕ್ಷೆಯನ್ನೂ ಪಕ್ಕದಲ್ಲಿ ಹಾಕಿ. ತಾರಸಿಯ ಪೈಪ್, ಅಂಗಳದ ವಾಟ, ಪಾಯದ ಪೈಪ್, ಗುಂಡಿ, ಅದರ ನೀರು ಬೀಳುವ ಜಾಗ, ಇಷ್ಟು ಗೆರೆಯಲ್ಲಿ ತೋರಿಸಿದರೂ ಸಾಕು. ಇನ್ನೊಂದು, ಗುತ್ತಿಗೆದಾರರಿಗೆ ಕೆಲಸ ಒಪ್ಪಿಸುವ ಓದುಗರಿಗೆ ಇದನ್ನು ತಿಳಿಸಿ: ಅವರು ಕೊಡುವ ಎಸ್ಟಿಮೇಟಿನಲ್ಲಿ ‘ವಾಟರ್‌ಪ್ರೂಫಿಂಗ್’ ಎಂದು ಒಂದೇ ಸಾಲು ಇದ್ದರೆ ಸಹಿ ಹಾಕಬೇಡಿ. ಯಾವ ಬದಿಗೆ, ಯಾವ ಪದರ, ಪೈಪ್ ಯಾವ ಮಟ್ಟದಲ್ಲಿ, ಅದರ ಬಾಯಿ ಎಲ್ಲಿ ಎಂದು ಬರೆಸಿಕೊಳ್ಳಿ, ಮಣ್ಣು ಮುಚ್ಚುವ ಮುಂಚೆ ಹೋಗಿ ನಿಂತು ಫೋಟೊ ತೆಗೆದಿಟ್ಟುಕೊಳ್ಳಿ.

ಇಂತಿ,
ನಿಮ್ಮ ಓದುಗ